ಗಾಡಿಗೆ ಮೊದಲು ಮೀಟರ್: ಪುಣೆಯ ಮಂಡಿ ಕೆಲಸಕ್ಕೆ ಟಾಟಾ ಏಸ್ ಇವಿ

ಪುಣೆಯ ಗುಲ್ಟೆಕಡಿ ಮಾರ್ಕೆಟ್ ಯಾರ್ಡಿನಿಂದ ಹಡಪಸರ, ಕೊಂಢವಾ, ವಾಕಡ, ಹಿಂಜವಡಿ ಕಡೆಗೆ ತರಕಾರಿ, ತೆಂಗಿನಕಾಯಿ, ಬಾಳೆಎಲೆ, ಇಡ್ಲಿ ಹಿಟ್ಟಿನ ಡಬ್ಬ ಹೊತ್ತು ತಿರುಗುವ ಗಾಡಿಗಳಲ್ಲಿ ನಮ್ಮ ಕನ್ನಡಿಗರವೂ ಸಾಕಷ್ಟಿವೆ. ವಿಜಯಪುರ, ಕಲಬುರಗಿ ಕಡೆಯಿಂದ ಬಂದವರು, ಬೆಳಗಾವಿಯವರು, ಉಡುಪಿ ಹೋಟೆಲಿನವರು. ಹಳೇ ಡೀಸೆಲ್ ಏಸ್ ತೆಗೆಯುವ ಹೊತ್ತು ಬಂದಾಗ ಎಲ್ಲರ ಪ್ರಶ್ನೆ ಒಂದೇ: ಮುಂದಿನದು ಕರೆಂಟಿನ ಗಾಡಿ, ಅಂದರೆ ಟಾಟಾ ಏಸ್ ಇವಿ, ತಗೊಳ್ಳೋಣವೇ? ದಿನಕ್ಕೆ 80ರಿಂದ 90 ಕಿಲೋಮೀಟರ್ ಓಡಿಸಿ ಒಂದೇ ಜಾಗಕ್ಕೆ ಮರಳುವವರು ಧೈರ್ಯವಾಗಿ ತಗೊಳ್ಳಬಹುದು. ಆದರೆ ಶೋರೂಮಿಗೆ ಹೋಗುವ ಮುಂಚೆ ಗಾಡಿ ನಿಲ್ಲಿಸುವ ಜಾಗದ ಮೀಟರ್ ಬೋರ್ಡಿನ ಮುಂದೆ ಹತ್ತು ನಿಮಿಷ ನಿಂತು ಬನ್ನಿ. ಈ ಗಾಡಿ ಸುಖ ಕೊಡುತ್ತದೋ ಕಷ್ಟ ಕೊಡುತ್ತದೋ ಎನ್ನುವುದು ಅಲ್ಲೇ ಮುಕ್ಕಾಲು ತೀರ್ಮಾನವಾಗುತ್ತದೆ. ಅದಕ್ಕೇ ಈ ವಿಮರ್ಶೆಯಲ್ಲಿ ಗಾಡಿಗೆ ಕೊಟ್ಟಷ್ಟೇ ಜಾಗ ಪ್ಲಗ್ಗು, ವೈರು, ಟ್ರಾನ್ಸ್‌ಫಾರ್ಮರಿಗೂ ಕೊಟ್ಟಿದ್ದೇವೆ.

ಗಾಡಿ ಹೇಗಿದೆ

2005ರಲ್ಲಿ ಬಂದ ಏಸ್ ಛೋಟಾ ಹಾಥಿ ಎಂದೇ ಊರೂರಿಗೆ ಪರಿಚಯ. ಅದರ ಇವಿ ರೂಪವನ್ನು ಟಾಟಾ ಮೋಟಾರ್ಸ್ 2022ರ ಮೇ ತಿಂಗಳಲ್ಲಿ ತೋರಿಸಿ, 2023ರ ಜನವರಿಯಿಂದ ಗಿರಾಕಿಗಳಿಗೆ ಕೊಡತೊಡಗಿತು. ಬ್ಯಾಟರಿ 21.3 ಯೂನಿಟ್ಟಿನದು, ಮೋಟಾರು 27 ಕಿಲೋವ್ಯಾಟ್, ಟಾರ್ಕ್ 130 ನ್ಯೂಟನ್ ಮೀಟರ್, ಹೊರುವ ಭಾರ 600 ಕೆಜಿ, ಪರೀಕ್ಷೆಯಲ್ಲಿ ಬಂದ ರೇಂಜ್, ಅಂದರೆ ಒಮ್ಮೆ ತುಂಬಿಸಿದರೆ ಓಡುವ ದೂರ, 154 ಕಿಲೋಮೀಟರ್. 2024ರ ಮೇಯಲ್ಲಿ ಬಂದ ಏಸ್ ಇವಿ 1000 ಒಂದು ಟನ್ ಹೊರುತ್ತದೆ, ಅದರ ರೇಂಜ್ 161 ಎಂದು ಕಂಪನಿ ಹೇಳುತ್ತದೆ.

154ನ್ನು ನಂಬಿಕೊಂಡು ರೂಟ್ ಹಾಕಬೇಡಿ. ಲೋಡ್ ತುಂಬಿಕೊಂಡು ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ಓಡುವ ಗಾಡಿಗೆ 100ರಿಂದ 110 ಎಂದು ಇಟ್ಟುಕೊಳ್ಳಿ, ಅದರಲ್ಲೂ ಕೊನೆಯ 20 ಕಿಲೋಮೀಟರನ್ನು ಮುಟ್ಟದೆ ಉಳಿಸಿ. ಹಾಗೆ ನೋಡಿದರೆ 85 ಕಿಲೋಮೀಟರಿನ ದಿನ ಇದಕ್ಕೆ ಹೇಳಿ ಮಾಡಿಸಿದ್ದು. 130 ಕಿಲೋಮೀಟರಿನ ದಿನವಾದರೆ ಮಧ್ಯಾಹ್ನ ಎಲ್ಲೋ ಒಂದು ಕಡೆ ಚಾರ್ಜಿಗೆ ಹಾಕಲೇಬೇಕು, ಆಗ ಲಾಭದ ಲೆಕ್ಕವೇ ಬೇರೆ.

ಓಡಿಸುವುದಕ್ಕೆ ಮಾತ್ರ ಡೀಸೆಲ್ ಏಸಿಗಿಂತ ಎಷ್ಟೋ ಮೇಲು. ಕ್ಲಚ್ ಇಲ್ಲ, ಗೇರ್ ಇಲ್ಲ. ನಿಂತಲ್ಲಿಂದ ಎಳೆಯುವ ಶಕ್ತಿ ಮೊದಲ ಕ್ಷಣದಿಂದಲೇ ಸಿಗುವುದರಿಂದ, ಯಾರ್ಡಿನ ಗೇಟಿನಲ್ಲಿ ಲೋಡ್ ಸಮೇತ ಇಂಚಿಂಚು ಸರಿಯುವಾಗ ಎಡಗಾಲಿಗೆ ಕೆಲಸವೇ ಇಲ್ಲ. ದಿನಕ್ಕೆ ಮೂವತ್ತು ಕಡೆ ಇಳಿದು ಹತ್ತುವ ಡ್ರೈವರಿಗೆ ಇದರ ಬೆಲೆ ಸಂಜೆ ಮೊಣಕಾಲಿನಲ್ಲಿ ಗೊತ್ತಾಗುತ್ತದೆ. ಬೆಳಗಿನ ನಾಲ್ಕು ಗಂಟೆಗೆ ಸೊಸೈಟಿಯಿಂದ ಹೊರಡುವಾಗ ಯಾರ ನಿದ್ದೆಯೂ ಕೆಡುವುದಿಲ್ಲ.

ಭಾರದ ವಿಷಯದಲ್ಲಿ ಹಳೇ ಅಭ್ಯಾಸ ಬಿಡಬೇಕು. ಟೊಮೆಟೊ ತುಂಬಿದ ಕ್ರೇಟ್ ಒಂದಕ್ಕೆ 22 ಕೆಜಿ ಹಿಡಿದರೆ 600 ಕೆಜಿಗೆ 27 ಕ್ರೇಟ್ ಆಯಿತು. ಡೀಸೆಲ್ ಏಸಿಗೆ 40 ಕ್ರೇಟ್ ಏರಿಸುವವರಿದ್ದಾರೆ. ಇದಕ್ಕೂ ಅಷ್ಟೇ ಏರಿಸಿದರೆ ಮೊದಲು ರೇಂಜ್ ಇಳಿಯುತ್ತದೆ, ಆಮೇಲೆ ಹಿಂದಿನ ಟೈರ್ ಸವೆಯುತ್ತದೆ. ಏರಿನಲ್ಲಿ ಮೋಟಾರ್, ಕಂಟ್ರೋಲರ್ ಬಿಸಿಯಾದರೆ ಗಾಡಿ ತನ್ನನ್ನು ಕಾಪಾಡಿಕೊಳ್ಳಲು ತಾನೇ ಶಕ್ತಿ ತಗ್ಗಿಸುತ್ತದೆ. ಅದನ್ನು ಕೆಟ್ಟುಹೋಯಿತು ಎಂದುಕೊಂಡು ವರ್ಕ್‌ಶಾಪಿಗೆ ಒಯ್ಯುವವರಿದ್ದಾರೆ. ನಿಮ್ಮ ಮಾಲು ದಿನವೂ 700, 800 ಕೆಜಿ ಇದ್ದರೆ ಸೀದಾ 1000ದ ಮಾದರಿಯನ್ನೇ ನೋಡಿ.

ಪುಣೆಯವರು ಘಾಟಿನ ಲೆಕ್ಕ ಬಿಡುವಂತಿಲ್ಲ. ಪೂರ್ತಿ ಲೋಡ್ ಆದ ಗಾಡಿ, ಡ್ರೈವರ್ ಎಲ್ಲ ಸೇರಿ 1,840 ಕೆಜಿ ಎಂದುಕೊಳ್ಳಿ. ಅದನ್ನು 100 ಮೀಟರ್ ಎತ್ತರಕ್ಕೆ ಏರಿಸಲು ಅರ್ಧ ಯೂನಿಟ್ ಬೇಕು, ಮೋಟಾರಿನ ನಷ್ಟ ಸೇರಿಸಿದರೆ 0.6. ಸಪಾಟು ರಸ್ತೆಯಲ್ಲಾದರೆ ಅಷ್ಟರಲ್ಲಿ ಮೂರು ಕಿಲೋಮೀಟರ್ ಹೋಗಬಹುದಿತ್ತು. ಹಾಗಾಗಿ ಕಾತ್ರಜ, ಬೋಪದೇವ, ದಿವೆ ಘಾಟ್ ಹತ್ತುವವರು ಪ್ರತಿ 100 ಮೀಟರ್ ಏರಿಗೆ ಮೂರು ಕಿಲೋಮೀಟರ್ ಕಳೆದುಬಿಡಿ. ಇಳಿಯುವಾಗ ಒಂದಷ್ಟು ವಾಪಸ್ ಬರುತ್ತದೆ, ಬ್ರೇಕ್ ಹಾಕಿದಾಗ ಮೋಟಾರೇ ಡೈನಮೋ ಆಗಿ ಬ್ಯಾಟರಿ ತುಂಬುತ್ತದೆ. ಆದರೆ ಇಲ್ಲೊಂದು ಅಪಾಯವಿದೆ, ದಯವಿಟ್ಟು ಡ್ರೈವರಿಗೆ ಕೂಡಿಸಿಕೊಂಡು ಹೇಳಿ. ಸಾಸವಡದಲ್ಲಿ ಬ್ಯಾಟರಿ 100 ಪ್ರತಿಶತ ತುಂಬಿಸಿಕೊಂಡು, ಪುರಂದರದ ಅಂಜೂರವೋ ಸೀತಾಫಲವೋ ಹೇರಿಕೊಂಡು ದಿವೆ ಘಾಟ್ ಇಳಿದರೆ ಆ ವಾಪಸ್ ಕರೆಂಟಿಗೆ ಬ್ಯಾಟರಿಯಲ್ಲಿ ಜಾಗವೇ ಇರುವುದಿಲ್ಲ. ಮೋಟಾರಿನ ಹಿಡಿತ ಸಿಗದೆ ಇಡೀ ಭಾರ ಬ್ರೇಕ್ ಲೈನರಿನ ಮೇಲೆ ಬೀಳುತ್ತದೆ, ಗೇರ್ ಇಳಿಸಿ ಎಂಜಿನ್ನಿನಿಂದ ತಡೆಯೋಣವೆಂದರೆ ಗೇರ್ ಇಲ್ಲ. ಮೇಲಿನಿಂದ ಇಳಿಯುವ ಗಾಡಿಯನ್ನು 85, 90ಕ್ಕೇ ಚಾರ್ಜಿನಿಂದ ತೆಗೆಯಿರಿ.

ಖರ್ಚಿನ ಲೆಕ್ಕ ಹೀಗೆ ಹಾಕಿ. ಡೀಸೆಲ್ ಏಸ್ ಲೀಟರಿಗೆ 18 ಕಿಲೋಮೀಟರ್ ಕೊಟ್ಟು, ಡೀಸೆಲ್ 90 ರೂಪಾಯಿ ಇದ್ದರೆ ಕಿಲೋಮೀಟರಿಗೆ 5 ರೂಪಾಯಿ. ಇವಿ ಗೋಡೆಯ ಪ್ಲಗ್ಗಿನಿಂದ ಕಿಲೋಮೀಟರಿಗೆ 0.23 ಯೂನಿಟ್ ಎಳೆಯುತ್ತದೆ ಎಂದು ಹಿಡಿಯಿರಿ, ಯೂನಿಟ್ಟಿಗೆ ಎಲ್ಲ ಸೇರಿ 10 ರೂಪಾಯಿ ಬಿದ್ದರೆ 2 ರೂಪಾಯಿ 30 ಪೈಸೆ. ಅದೇ ಸಾರ್ವಜನಿಕ ಫಾಸ್ಟ್ ಚಾರ್ಜರಿನಲ್ಲಿ ಯೂನಿಟ್ಟಿಗೆ 20 ರೂಪಾಯಿ, ಮೇಲೆ 18 ಪ್ರತಿಶತ ಜಿಎಸ್‌ಟಿ ಕೊಟ್ಟರೆ ಕಿಲೋಮೀಟರಿಗೆ 5 ರೂಪಾಯಿಯ ಹತ್ತಿರ ಬರುತ್ತದೆ, ಅಂದರೆ ಡೀಸೆಲ್ ಸುಟ್ಟಷ್ಟೇ. ಸ್ವಂತ ಚಾರ್ಜಿಂಗ್ ಜಾಗ ಇಲ್ಲದವರು ಈ ಗಾಡಿ ತಗೊಳ್ಳಬಾರದು ಎಂದು ನಾವು ಖಡಾಖಂಡಿತವಾಗಿ ಹೇಳುವುದು ಇದಕ್ಕೇ. ಇವಿ ಗಾಡಿಗೆ 5 ಪ್ರತಿಶತ ಜಿಎಸ್‌ಟಿ, 2018ರಿಂದ ಪರ್ಮಿಟ್ ಬೇಡ ಎಂಬ ರಿಯಾಯಿತಿಗಳೆಲ್ಲ ಒಳ್ಳೆಯವೇ, ಆದರೆ ದಿನದಿನದ ಉಳಿತಾಯ ಇರುವುದು ನಿಮ್ಮ ಗೋಡೆಯ ಪ್ಲಗ್ಗಿನಲ್ಲಿ.

ಫಾಸ್ಟ್ ಚಾರ್ಜಿನ ಬಗ್ಗೆ ಇನ್ನೊಂದು ಮಾತು. 105 ನಿಮಿಷದಲ್ಲಿ 80 ಪ್ರತಿಶತ ಎಂದು ಕಂಪನಿ ಹೇಳುತ್ತದೆ. ಭಾಗಿಸಿ ನೋಡಿದರೆ ಗಾಡಿ ಸರಾಸರಿ 9 ಕಿಲೋವ್ಯಾಟ್ ಆಸುಪಾಸು ಒಳಗೆ ತಗೊಳ್ಳುತ್ತದೆ ಅಷ್ಟೇ. 60 ಕಿಲೋವ್ಯಾಟಿನ ಗನ್ ಹಾಕಿದರೂ ಸಮಯ ಕಮ್ಮಿಯಾಗದು, ಎಷ್ಟು ಕುಡಿಯಬೇಕು ಎನ್ನುವುದನ್ನು ಗಾಡಿಯೇ ನಿರ್ಧರಿಸುತ್ತದೆ. ದೊಡ್ಡ ಚಾರ್ಜರ್ ಹುಡುಕಿಕೊಂಡು ಊರು ಸುತ್ತಬೇಡಿ.

ಹದಿನಾರು ಆಂಪಿಯರಿನ ಆ ಪ್ಲಗ್ಗು

ಗಾಡಿ ಗೋಡೆಯಿಂದ ಎಳೆಯುವುದು 3.3 ಕಿಲೋವ್ಯಾಟ್, ಅಂದರೆ ಸುಮಾರು 14.5 ಆಂಪಿಯರ್. ಖಾಲಿಯಿಂದ ಪೂರ್ತಿ ತುಂಬಲು 24 ಯೂನಿಟ್, ಏಳು ಗಂಟೆಯ ಮೇಲೆ ಸ್ವಲ್ಪ. 14.5 ಆಂಪಿಯರ್ ಕೇಳಿದರೆ ಗೀಸರಿನಷ್ಟೇ ಅಲ್ಲವೇ ಎನ್ನಿಸುತ್ತದೆ. ಆದರೆ ಗೀಸರ್ ಕಾಲು ಗಂಟೆ ನಡೆದು ಕಟ್ ಆಗುತ್ತದೆ, ಇದು ಏಳು ಗಂಟೆ ಒಂದೇ ಸಮ ಎಳೆಯುತ್ತದೆ. ಎಲ್ಲ ತೊಂದರೆಯ ಬೇರು ಇಲ್ಲಿದೆ.

ಹಳೇ 16 ಆಂಪಿಯರ್ ಸಾಕೆಟ್ಟಿನ ಒಳಗೆ ಹಿತ್ತಾಳೆಯ ಹಿಡಿಕೆ ಸಡಿಲವಾಗಿದೆ ಎಂದುಕೊಳ್ಳಿ. ಆ ಒಂದು ಜಾಗದಲ್ಲಿ 0.1 ಓಮ್ ರೆಸಿಸ್ಟೆನ್ಸ್ ಇದ್ದರೂ 14.5 ಆಂಪಿಯರಿಗೆ 21 ವ್ಯಾಟ್ ಕಾವು ಹುಟ್ಟುತ್ತದೆ. ರೇಡಿಯೋ ರಿಪೇರಿಯವರ ಸಾಲ್ಡರಿಂಗ್ ಐರನ್ 25 ವ್ಯಾಟಿನದು. ಅಂದರೆ ರಾತ್ರಿಯಿಡೀ ನಿಮ್ಮ ಪ್ಲಗ್ಗಿನೊಳಗೆ ಒಂದು ಸಾಲ್ಡರಿಂಗ್ ಐರನ್ ಹೊತ್ತಿಕೊಂಡು ಕೂತಿದೆ. ಮೊದಲ ವಾರ ಪ್ಲಾಸ್ಟಿಕ್ ಹಳದಿಯಾಗುತ್ತದೆ, ಆಮೇಲೆ ಕಂದು, ಕೀಳುವಾಗ ಪಿನ್ನಿಗೆ ಸಾಕೆಟ್ ಅಂಟಿಕೊಂಡು ಬರುತ್ತದೆ. ಹಿತ್ತಾಳೆ ಬಿಸಿಯಾದಷ್ಟೂ ಸ್ಪ್ರಿಂಗ್ ಗುಣ ಕಳೆದುಕೊಂಡು ಇನ್ನೂ ಸಡಿಲವಾಗುತ್ತದೆ, ಸಡಿಲವಾದಷ್ಟೂ ಇನ್ನೂ ಬಿಸಿ. ಕರೆಂಟು ಹೆಚ್ಚಾದರೆ ತಾನೇ ಬೀಳುವ ಎಂಸಿಬಿ ಸ್ವಿಚ್ಚಿಗೆ ಇದು ಕಾಣುವುದೇ ಇಲ್ಲ, ಯಾಕೆಂದರೆ ಕರೆಂಟು ಹೆಚ್ಚಾಗಿಲ್ಲ, ಅದೇ 14.5. ಮನೆಯ ಸಾದಾ ಸಾಕೆಟ್ ಬೇಡ. ನೀಲಿ ಬಣ್ಣದ, ಮುಚ್ಚಳವಿರುವ, ದುಂಡು ಪಿನ್ನಿನ ಇಂಡಸ್ಟ್ರಿಯಲ್ ಸಾಕೆಟ್ ಹಾಕಿಸಿ, ಸಾಧ್ಯವಾದರೆ 32 ಆಂಪಿಯರಿನದು, ಇಲ್ಲವೇ ಗೋಡೆಗೆ ಕೂರಿಸುವ ಎಸಿ ಚಾರ್ಜರೇ ಹಾಕಿಸಿ. ಎಕ್ಸ್‌ಟೆನ್ಶನ್ ಬೋರ್ಡಿನ ಮಾತೇ ಬೇಡ. ಸುರುಳಿ ಸುತ್ತಿದ ವೈರು ತನ್ನ ಕಾವಿನಲ್ಲೇ ಬೇಯುತ್ತದೆ.

ವೈರಿಗೆ ಬರೋಣ. ಮೀಟರಿನಿಂದ ಗಾಡಿ ನಿಲ್ಲುವ ಜಾಗಕ್ಕೆ 40 ಮೀಟರ್ ಇದ್ದರೆ, ಹೋಗಿ ಬರುವ ದಾರಿ 80 ಮೀಟರ್. 2.5 ಚದರ ಮಿಲಿಮೀಟರ್ ತಾಮ್ರದ ವೈರಿನಲ್ಲಿ ಅಷ್ಟು ದೂರಕ್ಕೆ ಸುಮಾರು 0.6 ಓಮ್, 8.6 ವೋಲ್ಟ್ ದಾರಿಯಲ್ಲೇ ಕಳೆಯುತ್ತದೆ, 125 ವ್ಯಾಟ್ ಗೋಡೆಯೊಳಗೆ ಕಾವಾಗಿ ಹೋಗುತ್ತದೆ. ಏಳು ಗಂಟೆಗೆ ಮುಕ್ಕಾಲು ಯೂನಿಟ್ಟಿಗೂ ಹೆಚ್ಚು. 6 ಚದರ ಮಿಲಿಮೀಟರ್ ಹಾಕಿದರೆ ನಷ್ಟ 3.6 ವೋಲ್ಟ್, 52 ವ್ಯಾಟ್. ವೈರಿನ ಖರ್ಚಿನ ವ್ಯತ್ಯಾಸ ಒಂದು ಸಲದ್ದು, ನಷ್ಟ ದಿನದಿನದ್ದು. ದೂರ 15 ಮೀಟರಿನೊಳಗಿದ್ದರೆ 4 ಸಾಕು. ದಾರಿಯಲ್ಲಿ ಜಾಯಿಂಟ್ ಒಂದೂ ಇರಬಾರದು, ತಿರುಚಿ ಟೇಪ್ ಸುತ್ತಿದ ಜಾಯಿಂಟ್ ಅಂತೂ ಬೇಡವೇ ಬೇಡ.

ಬೋರ್ಡಿನಲ್ಲಿ ಈ ಗಾಡಿಗೇ ಬೇರೆ 20 ಆಂಪಿಯರಿನ ಸಿ ಕರ್ವ್ ಎಂಸಿಬಿ ಇರಬೇಕು. ಅದರ ಜೊತೆ, ಕರೆಂಟು ಸೋರಿದರೆ ಲೈನ್ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ. ಆರ್‌ಸಿಸಿಬಿಯಲ್ಲಿ ಜಾತಿಗಳಿವೆ. ಅಂಗಡಿಯವರು ಮಾಮೂಲಿಯಾಗಿ ಕೊಡುವ ಎಸಿ ಟೈಪ್ ಇಲ್ಲಿ ನಡೆಯದು, ಚಾರ್ಜರಿನಿಂದ ಡಿಸಿ ಸೋರಿಕೆ ಬಂದರೆ ಅದು ಕುರುಡಾಗಿಬಿಡುತ್ತದೆ, ಆಮೇಲೆ ನಿಜವಾದ ಶಾಕ್ ಹೊಡೆದಾಗಲೂ ಬೀಳುವುದಿಲ್ಲ. ನಿಮ್ಮ ಚಾರ್ಜರಿನಲ್ಲಿ 6 ಮಿಲಿಆಂಪಿಯರ್ ಡಿಸಿ ಸೋರಿಕೆ ಹಿಡಿಯುವ ವ್ಯವಸ್ಥೆ ಇದ್ದರೆ ಎ ಟೈಪ್ ಸಾಕು, ಇಲ್ಲದಿದ್ದರೆ ಬಿ ಟೈಪ್ ಬೇಕು. ಮುಂಗಾರಿನಲ್ಲಿ ಒದ್ದೆ ಕೈಯಿಂದ, ಬರಿಗಾಲಲ್ಲಿ ನಿಂತು ಗಾಡಿಯ ಮೈ ಮುಟ್ಟುವವರು ಹಮಾಲರು. ಈ ಸಾವಿರಾರು ರೂಪಾಯಿ ಅವರ ಜೀವಕ್ಕಾಗಿ, ಇಲ್ಲಿ ಚೌಕಾಸಿ ಮಾಡಬೇಡಿ.

ಅರ್ಥಿಂಗ್ ಸರಿಯಿಲ್ಲದಿದ್ದರೆ ಗಾಡಿ ಚಾರ್ಜನ್ನೇ ಶುರು ಮಾಡುವುದಿಲ್ಲ. ಇದು ಗಾಡಿಯ ತಪ್ಪಲ್ಲ, ಅದರ ಜಾಣತನ. ಹಳೇ ಚಾಳುಗಳಲ್ಲಿ, ಅಂದರೆ ಸಾಲು ಮನೆಗಳಲ್ಲಿ, ಅರ್ಥ್ ವೈರು ಬೋರ್ಡಿನವರೆಗೆ ಬಂದು ಅಲ್ಲೇ ನೇತಾಡುತ್ತಿರುತ್ತದೆ, ಅಥವಾ ನೀರಿನ ಪೈಪಿಗೆ ಸುತ್ತಿರುತ್ತಾರೆ. ಪೈಪನ್ನು ಪ್ಲಾಸ್ಟಿಕ್ಕಿಗೆ ಬದಲಿಸಿದ ದಿನವೇ ಆ ಅರ್ಥ್ ಸತ್ತುಹೋಯಿತು. ವೈರ್‌ಮನ್ ಹತ್ತಿರ ಎರಡು ಅಳತೆ ತೆಗೆಸಿ. ಲೋಡ್ ಇರುವಾಗ ನ್ಯೂಟ್ರಲ್ಲಿಗೂ ಅರ್ಥಿಗೂ ನಡುವೆ 2, 3 ವೋಲ್ಟಿಗಿಂತ ಹೆಚ್ಚಿರಬಾರದು, 5 ದಾಟಿದರೆ ಎಲ್ಲೋ ದೋಷವಿದೆ. ಅರ್ಥ್ ಗುಂಡಿಯ ರೆಸಿಸ್ಟೆನ್ಸ್ 5 ಓಮ್ ಒಳಗಿರಲಿ. ಗಾಡಿ ಚಾರ್ಜ್ ಆಗಲಿ ಎಂದು ನ್ಯೂಟ್ರಲ್ಲನ್ನೇ ಅರ್ಥ್ ಪಿನ್ನಿಗೆ ಜೋಡಿಸಿಕೊಡುವ ವೈರ್‌ಮನ್‌ಗಳಿದ್ದಾರೆ. ಅಂಥವರನ್ನು ಆ ಕ್ಷಣವೇ ತಡೆಯಿರಿ. ನ್ಯೂಟ್ರಲ್ ಕಡಿದ ದಿನ ಗಾಡಿಯ ಇಡೀ ಮೈ 230 ವೋಲ್ಟಿಗೆ ಏರುತ್ತದೆ.

ನ್ಯೂಟ್ರಲ್ ಕಡಿಯುವುದು ಅಪರೂಪವೂ ಅಲ್ಲ. ಮೂರು ಫೇಸಿನ ಲೈನಿನಲ್ಲಿ ನ್ಯೂಟ್ರಲ್ ಹೋದರೆ ಕಡಿಮೆ ಲೋಡ್ ಇರುವ ಮನೆಗೆ 300, 350 ವೋಲ್ಟ್ ನುಗ್ಗುತ್ತದೆ, ರಾತ್ರಿ ಪ್ಲಗ್ಗಿನಲ್ಲಿರುವ ಗಾಡಿಯ ಒಳಗಿನ ಚಾರ್ಜರ್ ಮೊದಲ ಬಲಿ. ಹೆಚ್ಚು ಕಡಿಮೆ ವೋಲ್ಟೇಜಿಗೆ ಕಟ್ ಮಾಡುವ ರಿಲೇ ಒಂದನ್ನು ಬೋರ್ಡಿನಲ್ಲೇ ಹಾಕಿಸಿ, ಸಿಡಿಲಿನ ಹೊಡೆತ ತಡೆಯಲು ಟೈಪ್ 2 ಎಸ್‌ಪಿಡಿ ಹಾಕಿಸಿ. ಎರಡೂ ಸೇರಿದರೂ ಗಾಡಿಯ ಚಾರ್ಜರಿನ ಬೆಲೆಯ ಮುಂದೆ ಏನೂ ಅಲ್ಲ.

ಡಿಪಿಯ ಮುಂದೆ

ಬೀದಿಯ ಟ್ರಾನ್ಸ್‌ಫಾರ್ಮರಿಗೆ ನಮ್ಮ ಕಡೆ ಟಿಸಿ ಎಂದರೆ ಇಲ್ಲಿ ಡಿಪಿ ಎನ್ನುತ್ತಾರೆ. 11 ಅಥವಾ 22 ಸಾವಿರ ವೋಲ್ಟನ್ನು 433ಕ್ಕೆ ಇಳಿಸುವ ಆ ಡಬ್ಬವೇ ನಿಮ್ಮ ಗಾಡಿಯ ನಿಜವಾದ ಪೆಟ್ರೋಲ್ ಬಂಕ್. ಅದರ ಮೈಮೇಲಿನ ಪ್ಲೇಟಿನಲ್ಲಿ 100, 200, 315, 630 ಹೀಗೆ ಅದು ಹೊರಬಲ್ಲ ಲೋಡನ್ನು ಕೆವಿಎ ಲೆಕ್ಕದಲ್ಲಿ ಬರೆದಿರುತ್ತದೆ.

100 ಕೆವಿಎ ಡಿಪಿ ಒಂದು ಫೇಸಿಗೆ ಕೊಡಬಲ್ಲದ್ದು 133 ಆಂಪಿಯರ್. ಒಂದು ಗಲ್ಲಿಯಲ್ಲಿ ಹತ್ತು ಏಸ್ ಇವಿ ಬಂದವು, ಎಲ್ಲರೂ ಸಂಜೆ ಎಂಟಕ್ಕೆ ಪ್ಲಗ್ ಹಾಕಿದರು, ವೈರ್‌ಮನ್ ಅನುಕೂಲಕ್ಕೆಂದು ಎಲ್ಲವನ್ನೂ ಒಂದೇ ಫೇಸಿಗೆ ಎಳೆದಿದ್ದ ಎಂದುಕೊಳ್ಳಿ. 145 ಆಂಪಿಯರ್ ಗಾಡಿಗಳಿಗೇ ಆಯಿತು. ಅದೇ ಹೊತ್ತಿಗೆ ಮನೆಮನೆಯ ಎಸಿ, ಮಿಕ್ಸರ್, ಟಿವಿ ಬೇರೆ. ಫ್ಯೂಸ್ ಹಾರಬೇಕು, ಹಾರುತ್ತದೆ. ಹಾರದಿದ್ದರೆ ಇನ್ನೂ ಕೆಟ್ಟದ್ದು, ಯಾರೋ ಫ್ಯೂಸಿನಲ್ಲಿ ದಪ್ಪ ತಂತಿ ಸುತ್ತಿದ್ದಾರೆ ಎಂದರ್ಥ, ಆಗ ಎಣ್ಣೆ ಕಾಯುತ್ತದೆ, ಕಾಯಿಲಿನ ಇನ್ಸುಲೇಶನ್ ದಿನದಿನಕ್ಕೆ ಸಾಯುತ್ತದೆ. ಒಂದೇ ಫೇಸ್ ಎಳೆದಾಗ ನ್ಯೂಟ್ರಲ್ ಜರುಗಿ, ಆ ಫೇಸಿನವರಿಗೆ 190 ವೋಲ್ಟ್, ಪಕ್ಕದ ಫೇಸಿನವರಿಗೆ 250 ಹೀಗೂ ಆಗುತ್ತದೆ. ನಿಯಮದ ಪ್ರಕಾರ 230ರ ಮೇಲೆ ಕೆಳಗೆ 6 ಪ್ರತಿಶತ, ಅಂದರೆ 216ರಿಂದ 244ರೊಳಗೆ ಇರಬೇಕು. 190 ವೋಲ್ಟಿನಲ್ಲಿ ಗಾಡಿ ಎಳೆಯುವುದು 2.75 ಕಿಲೋವ್ಯಾಟ್ ಮಾತ್ರ, ಏಳು ಗಂಟೆಯ ಕೆಲಸ ಒಂಬತ್ತು ಗಂಟೆಯ ಹತ್ತಿರ ಹೋಗುತ್ತದೆ. ಬೆಳಿಗ್ಗೆ ನಾಲ್ಕಕ್ಕೆ ಹೊರಡಬೇಕಾದ ಗಾಡಿಯ ಚಾರ್ಜ್ 80 ಪ್ರತಿಶತದಲ್ಲೇ ನಿಂತಿದ್ದರೆ ಬೈಯುವುದು ಬ್ಯಾಟರಿಗೆ, ತಪ್ಪು ಮಾತ್ರ ಫೇಸಿನದು.

ಅದೇ ಹತ್ತು ಗಾಡಿಯನ್ನು ಮೂರು ಫೇಸಿಗೆ ಹಂಚಿದರೆ ಪ್ರತಿ ಫೇಸಿಗೆ 48 ಆಂಪಿಯರ್ ಸರಾಸರಿ. ಹೊತ್ತನ್ನೂ ಹಂಚಿದರೆ? ಒಂದೊಂದು ಗಾಡಿಗೆ ದಿನಕ್ಕೆ ಆರು ಗಂಟೆ ಬೇಕು, ಒಟ್ಟು 60 ಗಂಟೆ. ರಾತ್ರಿ 11ರಿಂದ ಬೆಳಗಿನ 5, ಬೆಳಿಗ್ಗೆ 10ರಿಂದ ಸಂಜೆ 5, ಒಟ್ಟು 13 ಗಂಟೆ ಸಿಗುತ್ತದೆ. ಒಂದು ಸಲಕ್ಕೆ ಐದೇ ಗಾಡಿ, 16.5 ಕಿಲೋವ್ಯಾಟ್, ಫೇಸಿಗೆ 24 ಆಂಪಿಯರ್. ಮಂಜೂರು ಮಾಡಿಸಬೇಕಾದ ಲೋಡ್ ಅರ್ಧಕ್ಕರ್ಧ ಇಳಿಯಿತು. ಇದಕ್ಕೆ ಬೇಕಾದದ್ದು ಟೈಮರ್ ಮತ್ತು ಒಂದು ನೋಟ್‌ಬುಕ್, ಇನ್ನೂ ಅಚ್ಚುಕಟ್ಟಾಗಿ ಬೇಕೆಂದರೆ ಮೇನ್ ವೈರಿನ ಕರೆಂಟ್ ನೋಡಿಕೊಂಡು ತಾನೇ ಹಂಚುವ ಚಾರ್ಜರ್‌ಗಳೂ ಸಿಗುತ್ತವೆ.

ಮಂಡಿಯ ಗಾಡಿಗಳಿಗೆ ಇನ್ನೂ ಒಂದು ವರ ಇದೆ. ಬೆಳಗಿನ ಜಾವ ಹೊರಟು ಹನ್ನೊಂದಕ್ಕೆಲ್ಲ ಮುಖ್ಯ ಕೆಲಸ ಮುಗಿಸುವ ಗಾಡಿ ನಡುಹಗಲಿನಲ್ಲಿ ಖಾಲಿ ನಿಂತಿರುತ್ತದೆ. ಸೂರ್ಯನ ಕರೆಂಟು ಹೇರಳವಾಗಿರುವ ಹೊತ್ತು ಅದೇ. 2023ರಲ್ಲಿ ತಿದ್ದಿದ ಕೇಂದ್ರದ ಗ್ರಾಹಕ ಹಕ್ಕು ನಿಯಮದಂತೆ ಹೊತ್ತಿಗೆ ತಕ್ಕ ದರದಲ್ಲಿ ಸೌರ ಅವಧಿಯ ದರ ಮಾಮೂಲಿಗಿಂತ ಕನಿಷ್ಠ 20 ಪ್ರತಿಶತ ಕಡಿಮೆ ಇರಬೇಕು. 2024ರ ಸೆಪ್ಟೆಂಬರಿನ ಕೇಂದ್ರ ಮಾರ್ಗಸೂಚಿ ಚಾರ್ಜಿಂಗ್ ಸ್ಟೇಷನ್‌ಗಳಿಗೆ ಬೆಳಿಗ್ಗೆ 9ರಿಂದ ಸಂಜೆ 4ರವರೆಗೆ ಸರಾಸರಿ ಪೂರೈಕೆ ವೆಚ್ಚದ 0.7 ಪಟ್ಟು, ಉಳಿದ ಹೊತ್ತು 1.3 ಪಟ್ಟು ದರ ಇರಲಿ ಎನ್ನುತ್ತದೆ. ಮಹಾರಾಷ್ಟ್ರದಲ್ಲಿ ಕೊನೆಯ ದರ ಗೊತ್ತುಮಾಡುವುದು ರಾಜ್ಯದ ವಿದ್ಯುತ್ ಆಯೋಗ, ನಿಮ್ಮ ಲೈಟ್ ಬಿಲ್ಲಿನ ಹಿಂದೆ ಆ ಹೊತ್ತಿನ ದರ ಓದಿಕೊಳ್ಳಿ. ಸಂಜೆ ಏಳರಿಂದ ಹತ್ತು ಮಾತ್ರ ಪ್ಲಗ್ ಹಾಕಬೇಡಿ. ಸೂರ್ಯ ಮುಳುಗಿದ ಮೇಲಿನ ಆ ಹೊತ್ತನ್ನು ಮಹಾರಾಷ್ಟ್ರ ಕಲ್ಲಿದ್ದಲಿನ ಜೊತೆಗೆ ಕೊಯ್ನಾದಂಥ ಜಲವಿದ್ಯುತ್ತಿನಿಂದ ದಾಟಿಸುತ್ತದೆ. ಕೊಯ್ನಾದ 1,960 ಮೆಗಾವ್ಯಾಟಿಗಾಗಿ ಪಶ್ಚಿಮಕ್ಕೆ ತಿರುಗುವ ನೀರು ಕೃಷ್ಣಾ ಕಣಿವೆಯದು, ಆಲಮಟ್ಟಿಯ ಕೆಳಗಿನ ಹೊಲದವರ ಮಕ್ಕಳಾದ ನಾವು ಇದನ್ನು ಮರೆಯಬಾರದು.

ಹಗಲು ಚಾರ್ಜಿಗೆ ಒಂದೇ ಷರತ್ತು ನೆರಳು. ಏಪ್ರಿಲ್, ಮೇ ಬಿಸಿಲಲ್ಲಿ ನಿಂತು ಕಾದ ಗಾಡಿಯನ್ನು ಬಂದ ಕೂಡಲೇ ಪ್ಲಗ್ಗಿಗೆ ಹಾಕದೆ ಅರ್ಧ ಗಂಟೆ ತಣ್ಣಗಾಗಲು ಬಿಡಿ. ನೆರಳಿಗೆಂದು ಹಾಕುವ ಶೀಟಿನ ಮೇಲೆ 5 ಕಿಲೋವ್ಯಾಟ್ ಸೋಲಾರ್ ಕೂರಿಸಿದರೆ ಪುಣೆಯಲ್ಲಿ ದಿನಕ್ಕೆ ಸುಮಾರು 20 ಯೂನಿಟ್ ಬರುತ್ತದೆ, ಒಂದು ಗಾಡಿಯ ದಿನದ ಊಟ ಅಷ್ಟೇ.

ಮೀಟರ್ ಬೇರೆಯೇ ಇರಲಿ

ಮನೆಯ ಮೀಟರಿನಿಂದಲೇ ಹಾಕಿದರಾಯಿತು ಎನ್ನುವವರು ಸ್ಲ್ಯಾಬ್ ನೋಡಿರುವುದಿಲ್ಲ. ದಿನಕ್ಕೆ 80 ಕಿಲೋಮೀಟರಿಗೆ 18 ಯೂನಿಟ್, 26 ದಿನಕ್ಕೆ 470ರ ಹತ್ತಿರ. ಮನೆಯ ಬಳಕೆ 150 ಇದ್ದರೆ ಒಟ್ಟು 620. ಮಹಾರಾಷ್ಟ್ರದ ಮನೆ ದರ 100, 300, 500ರ ಮೆಟ್ಟಿಲುಗಳಲ್ಲಿ ಏರುತ್ತದೆ, ಗಾಡಿಯ ಯೂನಿಟ್ಟುಗಳೆಲ್ಲ ಮೇಲಿನ ಮೆಟ್ಟಿಲುಗಳಲ್ಲೇ ಬೀಳುತ್ತವೆ. ಅಂಗಡಿಯ ಮೀಟರಿನಿಂದ ಹಾಕಿದರೆ ಅಂಗಡಿಯ ಕಮರ್ಷಿಯಲ್ ದರ. ಇವಿ ಚಾರ್ಜಿಂಗಿಗೆ ಬೇರೆ ದರವರ್ಗ ಇದೆ. ಗ್ರಾಹಕ ಕೇಳಿದರೆ ಚಾರ್ಜಿಂಗಿಗೆ ಪ್ರತ್ಯೇಕ ಕನೆಕ್ಷನ್ ಕೊಡಬೇಕು ಎಂದು ಅದೇ ಗ್ರಾಹಕ ಹಕ್ಕು ನಿಯಮದ 2024ರ ಫೆಬ್ರವರಿಯ ತಿದ್ದುಪಡಿ ಸ್ಪಷ್ಟವಾಗಿ ಹೇಳಿದೆ. ಹೊಸ ಲೈನ್ ಎಳೆಯುವ ಕೆಲಸ ಇಲ್ಲದಿದ್ದರೆ ಮಹಾನಗರದಲ್ಲಿ 3 ದಿನ, ಇತರ ನಗರಸಭೆಯ ಊರಿನಲ್ಲಿ 7 ದಿನ, ಹಳ್ಳಿಯಲ್ಲಿ 15 ದಿನದ ಗಡುವೂ ಅದರಲ್ಲೇ ಇದೆ. ಅರ್ಜಿಯ ಜೊತೆ ಜಾಗದ ದಾಖಲೆ, ಬಾಡಿಗೆಯದಾದರೆ ಮಾಲೀಕರ ಒಪ್ಪಿಗೆ, ಸೊಸೈಟಿಯ ಎನ್‌ಒಸಿ, ಲೈಸೆನ್ಸ್ ಇರುವ ಗುತ್ತಿಗೆದಾರರ ಟೆಸ್ಟ್ ರಿಪೋರ್ಟ್ ತಯಾರಿರಲಿ. ಸೊಸೈಟಿಯ ಚೇರ್ಮನ್ ಸಾಹೇಬರ ಹತ್ತಿರ ಬರಿಗೈಲಿ ಹೋಗಬೇಡಿ. ಯಾವ ಫೇಸ್, ಯಾವ ಕೇಬಲ್, ಎಷ್ಟು ಹೊತ್ತಿಗೆ ಚಾರ್ಜ್, ಬೋರ್ಡಿನಲ್ಲಿ ಯಾವ ರಕ್ಷಣೆ ಎಂದು ಒಂದು ಹಾಳೆಯಲ್ಲಿ ಬರೆದು ಒಯ್ಯಿರಿ. ಬೆಂಕಿಯ ಭಯ ಅವರದ್ದು, ಅದು ನ್ಯಾಯವಾದ ಭಯ, ಅದಕ್ಕೆ ಉತ್ತರ ಆ ಹಾಳೆ.

ಗುರುವಾರ ನೆನಪಿಡಿ. ಪುಣೆ, ಪಿಂಪ್ರಿ-ಚಿಂಚವಡದಲ್ಲಿ ಲೈನ್ ದುರಸ್ತಿಗೆಂದು ಹೆಚ್ಚಾಗಿ ಕರೆಂಟು ತೆಗೆಯುವ ದಿನ ಅದು, ಹಗಲು ಚಾರ್ಜಿನವರು ಬುಧವಾರ ರಾತ್ರಿಯೇ ತುಂಬಿಸಿಟ್ಟುಕೊಳ್ಳಿ.

ಕೈಕೊಡುವುದು ಎಲ್ಲಿ

ಗಾಡಿ ಎಚ್ಚರವೇ ಆಗುತ್ತಿಲ್ಲ, ಡಿಸ್‌ಪ್ಲೇ ಕಪ್ಪು ಎಂದರೆ ದೊಡ್ಡ ಬ್ಯಾಟರಿಗೆ ಏನೋ ಆಯಿತೆಂದು ಗಾಬರಿಯಾಗಬೇಡಿ. ಮೊದಲು 12 ವೋಲ್ಟಿನ ಸಣ್ಣ ಬ್ಯಾಟರಿ ನೋಡಿಸಿ, ದೊಡ್ಡದನ್ನು ಜೋಡಿಸುವ ಸ್ವಿಚ್ಚಿಗೆ ಕರೆಂಟು ಕೊಡುವುದು ಅದೇ. ಹತ್ತು ದಿನ ಊರಿಗೆ ಹೋಗುವವರು ಗಾಡಿಯನ್ನು 50, 60 ಪ್ರತಿಶತದಲ್ಲಿ ನಿಲ್ಲಿಸಿ ಹೋಗಿ, ತುಂಬಿಸಿಯೂ ಅಲ್ಲ, ಖಾಲಿ ಮಾಡಿಯೂ ಅಲ್ಲ.

30 ತೋರಿಸುತ್ತಿದ್ದ ಚಾರ್ಜ್ ಇದ್ದಕ್ಕಿದ್ದಂತೆ 18ಕ್ಕೆ ಬಿತ್ತೆಂದರೆ ಲೆಕ್ಕ ತಪ್ಪಿದೆ ಎಂದರ್ಥ. ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿಯ ವೋಲ್ಟೇಜ್ ನಡುವಿನ ಬಹುಭಾಗ ಒಂದೇ ಸಮ ಇರುತ್ತದೆ, ಅದನ್ನು ನೋಡಿ ಎಷ್ಟು ಉಳಿದಿದೆ ಎಂದು ಹೇಳುವುದು ಕಷ್ಟ. ವಾರಕ್ಕೊಮ್ಮೆ ನಿಧಾನದ ಎಸಿ ಚಾರ್ಜಿನಲ್ಲಿ 100 ಮುಟ್ಟಿಸಿ ಇನ್ನರ್ಧ ಗಂಟೆ ಬಿಟ್ಟರೆ ಸೆಲ್‌ಗಳು ಸಮವಾಗಿ ಲೆಕ್ಕ ಸರಿಯಾಗುತ್ತದೆ.

ಮಳೆಗಾಲದಲ್ಲಿ ಬ್ಯಾಟರಿಯ ಐಪಿ67 ಎಂಬ ಗುರುತನ್ನು ತಪ್ಪಾಗಿ ಓದಬೇಡಿ. ಒಂದು ಮೀಟರ್ ನಿಂತ ನೀರಿನಲ್ಲಿ ಅರ್ಧ ಗಂಟೆ ಎಂದು ಅದರ ಅರ್ಥ. ಹೈ ಪ್ರೆಶರ್ ಪಂಪಿನಿಂದ ಕೆಳಗಿನ ಕನೆಕ್ಟರಿಗೆ ನೀರು ಹೊಡೆಯಲು ಅದು ಪರವಾನಗಿ ಅಲ್ಲ. ಚಾರ್ಜಿಂಗ್ ಗನ್ ನೆಲಕ್ಕೆ ಬಿಡದೆ ಕೊಕ್ಕೆಗೆ ತೂಗುಹಾಕಿ, ಬಾಯಿ ಕೆಳಮುಖವಾಗಿರಲಿ. ಪಿನ್ನಿನಲ್ಲಿ ಹಸಿರು ಕಿಲುಬು ಕಂಡರೆ ಉಜ್ಜಿ ಮುಂದುವರಿಸಬೇಡಿ, ಬದಲಿಸಿ.

ಬೇರೆ ಗಾಡಿಗಳ ಬಗ್ಗೆ ಎರಡು ಮಾತು. ಮಹೀಂದ್ರಾ ಝಿಯೋ 2024ರ ಅಕ್ಟೋಬರಿನಲ್ಲಿ 7.52 ಲಕ್ಷದಿಂದ ಶುರುವಾಗಿ ಬಂತು, 765 ಕೆಜಿವರೆಗೆ ಹೊರುತ್ತದೆ, ದೊಡ್ಡ ಬ್ಯಾಟರಿ ಏಸಿನಷ್ಟೇ 21.3. ನಮ್ಮ ದೃಷ್ಟಿಯಲ್ಲಿ ಏಸಿಗೆ ಸರಿಸಮ ಎದುರಾಳಿ ಇದೇ, ಎರಡನ್ನೂ ಲೋಡ್ ಹಾಕಿಯೇ ಓಡಿಸಿ ನೋಡಿ. 2025ರ ಜೂನಿನಲ್ಲಿ 6.5 ಲಕ್ಷಕ್ಕೆ ಬಂದ ಏಸ್ ಪ್ರೋ ಇವಿ 14.4 ಯೂನಿಟ್ ಬ್ಯಾಟರಿಗೆ 155 ಕಿಲೋಮೀಟರ್ ಎನ್ನುತ್ತದೆ. ಕಿಲೋಮೀಟರಿಗೆ 0.093 ಯೂನಿಟ್ ಆಯಿತು, 750 ಕೆಜಿ ಹೊತ್ತು ಪುಣೆಯ ಟ್ರಾಫಿಕ್ಕಿನಲ್ಲಿ ಅದು ಸಿಗುವ ಮಾತಲ್ಲ. ದಿನಕ್ಕೆ 50, 60 ಕಿಲೋಮೀಟರಿನ ಹಾಲು, ಬ್ರೆಡ್, ಹಿಟ್ಟಿನ ಲೈನಿಗೆ ಅದು ಚೆಂದ, ರಾತ್ರಿಯ ಚಾರ್ಜೂ ಬೇಗ ಮುಗಿಯುತ್ತದೆ.

ಗಾಡಿ ಮನೆಗೆ ಬಂದ ದಿನ ಒಂದು ಕೆಲಸ ಮಾಡಿ. 20 ಪ್ರತಿಶತಕ್ಕೆ ಇಳಿದಾಗ ಮೀಟರ್ ರೀಡಿಂಗ್ ಬರೆದುಕೊಂಡು 100ರವರೆಗೆ ತುಂಬಿಸಿ, ಮತ್ತೆ ಬರೆದುಕೊಳ್ಳಿ. 19ರಿಂದ 20 ಯೂನಿಟ್ ಆಗಬೇಕು. ಚಾರ್ಜ್ ನಡೆಯುವಾಗ ಮೀಟರಿನ ಹತ್ತಿರ ಮತ್ತು ಸಾಕೆಟ್ಟಿನ ಹತ್ತಿರ ವೋಲ್ಟೇಜ್ ಅಳೆಸಿ, ವ್ಯತ್ಯಾಸ 7 ವೋಲ್ಟ್ ದಾಟಬಾರದು. ಎರಡೂ ಅಂಕಿಯನ್ನು ಬೋರ್ಡಿನ ಬಾಗಿಲಿನ ಒಳಗೆ ಮಾರ್ಕರಿನಲ್ಲಿ ಬರೆದಿಡಿ. ಮೂರು ತಿಂಗಳಿಗೊಮ್ಮೆ ಅದೇ ಅಳತೆ ತೆಗೆಯಿರಿ. ಮೊದಲ ದಿನಕ್ಕಿಂತ ಒಂದು ಯೂನಿಟ್ ಹೆಚ್ಚು ಬಂತೆಂದರೆ ಆರು ಗಂಟೆ ಕಾಲ 160 ವ್ಯಾಟ್ ಎಲ್ಲೋ ಸುಡುತ್ತಿದೆ. ಮೇನ್ ಆಫ್ ಮಾಡಿಸಿ ಸಾಕೆಟ್, ಎಂಸಿಬಿ, ಮೀಟರಿನ ಕೆಳಗಿನ ಟರ್ಮಿನಲ್ ಸ್ಕ್ರೂ ಒಂದೊಂದೇ ಬಿಚ್ಚಿ ನೋಡಿಸಿ, ಬಣ್ಣ ಬದಲಾದ ತಾಮ್ರ ಕಂಡಲ್ಲಿ ಕತ್ತರಿಸಿ ಹೊಸ ಲಗ್ ಹಾಕಿಸಿ.